ಅಗ್ಗದ ಕೈ, ಯಾರ ಲೆಕ್ಕದಲ್ಲಿ?

ಕೊತ್ತಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಪ್ಪನ ಬಲಗೈಯ ನಾಲ್ಕು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋದವು. ಆಮೇಲೆ ಯಾವುದೋ ಕಾಲೇಜಿನ ಹುಡುಗರು ಬಂದು ಅಳತೆ ತೆಗೆದುಕೊಂಡರು. ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಪ್ಲಾಸ್ಟಿಕ್ ಕೈಯನ್ನು ವೇದಿಕೆಯ ಮೇಲೆ ತೊಡಿಸಿದರು. ಮಣಿಕಟ್ಟು ಬಗ್ಗಿಸಿದರೆ ದಾರ ಬಿಗಿದು ಬೆರಳುಗಳು ಮಡಚಿಕೊಳ್ಳುತ್ತವೆ. ಚಪ್ಪಾಳೆ ಬಿತ್ತು. ತಿಂಗಳೊಳಗೆ, ಹಂಡೆಯಿಂದ ಬಿಸಿನೀರು ತೋಡುವಾಗ ಎರಡು ಬೆರಳು ಸೊಟ್ಟಗಾದವು. "ಫೋಟೋಗೆ ಚೆಂದ ಕಣಪ್ಪ" ಅಂದರು ಚಿಕ್ಕಪ್ಪ. ಹುಡುಗರಿಗೆ ಫೋನ್ ಮಾಡಿದೆ. ಕೋರ್ಸು ಮುಗಿಸಿ ಹೋಗಿಬಿಟ್ಟಿದ್ದರು.

ನಾನು ಸಂಶೋಧನೆ ಮಾಡುತ್ತಿರುವುದು ಸಾಹಿತ್ಯದಲ್ಲಿ. ಇದೆಲ್ಲ ನಿನಗೇಕೆ ಎಂದು ಕೇಳಬಹುದು. ನನ್ನ ತಕರಾರು ಒಂದು ಪದದ ಬಗ್ಗೆ: ‘ಅಗ್ಗ’. ಈ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿನ ಬೆಲೆ ಇದೆ. ಅಳತೆ ತಿದ್ದಲು ಮತ್ತೆ ಬರುವವರ ಸಂಬಳ ಇಲ್ಲ, ರಿಪೇರಿ ಇಲ್ಲ, ಬೆಂಗಳೂರಿಗೆ ಹೋಗಿಬರಲು ಕಳೆದುಕೊಳ್ಳುವ ಒಂದು ದಿನದ ಕೂಲಿಯೂ ಇಲ್ಲ.

ಈ ವಿದ್ಯೆಯನ್ನೇ ಹಳಿಯುತ್ತಿಲ್ಲ. 2011ರಲ್ಲಿ ಗರಗಸಕ್ಕೆ ಬೆರಳು ಕಳೆದುಕೊಂಡ ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆಸ್, ಅಮೆರಿಕದ ಐವನ್ ಓವೆನ್ ಜೊತೆ ಸೇರಿ ಇಂಥ ಕೈ ರೂಪಿಸಿದರು. ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಬೆಳೆಯುವ ಮಗುವಿಗೆ ಇದು ನಿಜಕ್ಕೂ ವರ. ಕೈ ಚಿಕ್ಕದಾದರೆ ಕಂಪ್ಯೂಟರಿನಲ್ಲಿ ಅಳತೆ ಹಿಗ್ಗಿಸಿ ಇನ್ನೊಂದು ಮಾಡಿದರಾಯಿತು.

ಕಾಲಿನ ಮಾತೇ ಬೇರೆ. ಕೈ ಮುರಿದರೆ ಲೋಟ ಬೀಳುತ್ತದೆ, ಕಾಲು ಮುರಿದರೆ ಮನುಷ್ಯನೇ ಬೀಳುತ್ತಾನೆ. ಪದರದ ಮೇಲೆ ಪದರ ಕೂಡಿಸಿ ಮಾಡಿದ್ದು, ಭಾರ ಬಿದ್ದಾಗ ಪದರಗಳ ನಡುವೆಯೇ ಸೀಳಬಹುದು. ಅದಕ್ಕಿಂತ ಸೂಕ್ಷ್ಮವಾದದ್ದು ಸಾಕೆಟ್, ಅಂದರೆ ಕತ್ತರಿಸಿ ಉಳಿದ ಕಾಲು ಕೂರುವ ಬಟ್ಟಲು. ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ಬಾವು ಇಳಿಯುತ್ತ ಆ ಕಾಲಿನ ಆಕಾರ ಬದಲಾಗುತ್ತಿರುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ಸ್ಪರ್ಶವೂ ಮಂದವಾಗಿರಬಹುದು. ಸಾಕೆಟ್ ಉಜ್ಜಿ ಹುಣ್ಣಾದರೂ ಗೊತ್ತಾಗದು. ಕೃತಕ ಅಂಗ ಜೋಡಿಸುವವರು ನೋಂದಣಿ ಮಾಡಿಸಿರಬೇಕೆಂದು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಹೇಳುತ್ತದೆ. ಪ್ರಿಂಟರ್ ಕೊಳ್ಳಲು ದುಡ್ಡಿದ್ದರೆ ಸಾಕು.

1968ರ ಹೊತ್ತಿಗೆ ಬಂದ ಜೈಪುರ ಕಾಲೂ ಅಗ್ಗದ್ದೇ. ಆದರೆ ಕುಶಲಕರ್ಮಿ ರಾಮ್ ಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ.ಕೆ. ಸೇಠಿ, ಅದನ್ನು ಹಾಕಿಕೊಂಡವರು ಕುಕ್ಕರಗಾಲಲ್ಲಿ ಕೂರುವಂತಿರಬೇಕು, ಬರಿಗಾಲಲ್ಲಿ ಗದ್ದೆಯ ಕೆಸರು ತುಳಿಯುವಂತಿರಬೇಕು ಎಂದು ಯೋಚಿಸಿದ್ದರು. ನಮ್ಮ ಹುಡುಗರು ಹಂಡೆಯ ನೀರನ್ನೂ ನೋಡಿರಲಿಲ್ಲ.

ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಈ ಕೆಲಸದ ತರಬೇತಿ ಕೊಡುತ್ತದೆ. ಅಂಥ ಕಡೆ ಕಲಿತ ಒಬ್ಬರನ್ನು ವಾರಕ್ಕೊಂದು ದಿನವಾದರೂ ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಿ. ಅಳತೆಯನ್ನು ಸ್ಕ್ಯಾನ್ ಮಾಡಿ ಕಳಿಸಬಹುದು, ಪ್ರಿಂಟರ್ ತುಮಕೂರಿನಲ್ಲಿದ್ದರೂ ನಡೆದೀತು. ಕೆಟ್ಟರೆ ತಂದು ತೋರಿಸಲು ಒಬ್ಬರು ಬೇಕು, ಅಷ್ಟೆ.

ಚಿಕ್ಕಪ್ಪನ ಪ್ಲಾಸ್ಟಿಕ್ ಕೈ ಈಗ ಜಗಲಿಯ ಮೊಳೆಯಲ್ಲಿ ನೇತಾಡುತ್ತಿದೆ. ಸಂತೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಒಂದು ತೊಗಲಿನ ಪಟ್ಟಿ ಹೊಲಿಸಿಕೊಂಡು, ಅದಕ್ಕೆ ಕುಡುಗೋಲು ಸಿಕ್ಕಿಸಿ ರಾಗಿ ಕೊಯ್ಯುತ್ತಾರೆ. ಪಟ್ಟಿ ಸಡಿಲವಾದರೆ ಮುಂದಿನ ಸಂತೆಯಲ್ಲಿ ಬಿಗಿ ಮಾಡಿಸಿಕೊಂಡು ಬರುತ್ತಾರೆ.