ಮಿದುಳಿನ ಓದಿಗೆ ಮೆಡಿಕಲ್ ಒಂದೇ ಬಾಗಿಲಲ್ಲ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಕೂಡಲೇ ಹಲವು ಮನೆಗಳಲ್ಲಿ ಒಂದೇ ಮಾತು: ‘ಮೆಡಿಕಲ್ ಸೀಟು ಸಿಗದಿದ್ದರೆ ಮುಂದೇನು?’ ಮಿದುಳಿನ ಬಗ್ಗೆ ಕುತೂಹಲವಿರುವ ಮಕ್ಕಳು ಸೀಟು ತಪ್ಪಿತೆಂದು ಆ ಆಸೆಯನ್ನೇ ಕೈಬಿಡುವುದುಂಟು. ಹಾಗೆ ಕೈಬಿಡಬೇಕಾಗಿಲ್ಲ.

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ವಿದ್ಯುತ್ ಮತ್ತು ರಾಸಾಯನಿಕ ಸಂಕೇತಗಳ ಮೂಲಕ ಸುದ್ದಿ ಸಾಗಿಸುತ್ತವೆ. ಆದ್ದರಿಂದ ಇದನ್ನು ಅರಿಯಲು ಜೀವಶಾಸ್ತ್ರದಷ್ಟೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೂ ಬೇಕು.

ಇಂಗ್ಲೆಂಡಿನ ಆಂಡ್ರ್ಯೂ ಹಕ್ಸ್‌ಲಿ ಎಂಜಿನಿಯರ್ ಆಗಬೇಕೆಂದು ಕೇಂಬ್ರಿಜ್ ಸೇರಿದವರು. ಅಲ್ಲಿ ಶರೀರಕ್ರಿಯಾಶಾಸ್ತ್ರದತ್ತ ಹೊರಳಿದರು. ಅವರೂ ಅಲನ್ ಹಾಡ್ಜ್‌ಕಿನ್ ಅವರೂ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಪ್ರಯೋಗ ನಡೆಸಿದರು. ಸೋಡಿಯಂ ಅಯಾನುಗಳು ಒಳನುಗ್ಗಿ, ಪೊಟ್ಯಾಸಿಯಂ ಅಯಾನುಗಳು ಹೊರಹರಿದಾಗ ಸಂಕೇತ ಹುಟ್ಟುವ ಬಗೆಯನ್ನು 1952ರಲ್ಲಿ ಸಮೀಕರಣಗಳಲ್ಲಿ ಬರೆದಿಟ್ಟರು. ಆಗ ಕಂಪ್ಯೂಟರ್ ಸಿಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಯಂತ್ರದಲ್ಲಿ ವಾರಗಟ್ಟಲೆ ಲೆಕ್ಕ ಹಾಕಿದರು. 1963ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ದೊರೆಯಿತು.

ನಮ್ಮ ದೇಶದಲ್ಲೂ ಈ ಓದಿಗೆ ಅವಕಾಶವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನ ಕೇಂದ್ರ ಆರಂಭವಾಯಿತು. ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯೂ ನಡೆಯುತ್ತದೆ. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿದೆ. ಭೌತಶಾಸ್ತ್ರ, ಮನಃಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಾರೆ. ಅರ್ಹತೆ, ಪ್ರವೇಶ ಪರೀಕ್ಷೆಗಳ ವಿವರವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ನರವಿಜ್ಞಾನದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಿದ ಮಾತ್ರಕ್ಕೆ ರೋಗಿಗಳಿಗೆ ಔಷಧಿ ಬರೆದುಕೊಡುವಂತಿಲ್ಲ. ನರರೋಗ ತಜ್ಞರಾಗಲು ಎಂ.ಬಿ.ಬಿ.ಎಸ್. ದಾರಿಯೇ ಬೇಕು. ಸಂಶೋಧನೆಯ ದಾರಿಯೂ ಚಿಕ್ಕದಲ್ಲ. ಪದವಿಯ ನಂತರ ಏಳೆಂಟು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಓರಗೆಯವರು ಸಂಬಳ ಎಣಿಸುತ್ತಿರುತ್ತಾರೆ. ಸಂಶೋಧನಾ ವೇತನ ಕೈಹಿಡಿದರೂ ಮನೆಯವರ ತಾಳ್ಮೆ ಬೇಕಾಗುತ್ತದೆ.

ಈ ಕಡೆ ಒಲವಿರುವ ವಿದ್ಯಾರ್ಥಿಗಳು ಬಿ.ಎಸ್ಸಿ.ಯಲ್ಲಿ ಗಣಿತವನ್ನು ದೂರ ಮಾಡಬಾರದು. ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರ್ ಪ್ರೋಗ್ರಾಮಿಂಗನ್ನೂ ಸ್ವಲ್ಪ ಕಲಿಯಬೇಕು. ಜೀವಶಾಸ್ತ್ರ ಬಿಟ್ಟವರು ಅದರ ಮೂಲಪಾಠಗಳನ್ನು ಬಿಡುವಿನಲ್ಲಿ ಓದಿಕೊಳ್ಳಬೇಕು.

ಪಾಲಕರು ಮಾಡಬೇಕಾದ ಕೆಲಸವೂ ಒಂದಿದೆ. ಸೀಟಿನ ಮಾತಿಗೆ ಮುಂಚೆ ಮಗುವನ್ನು ಕೂರಿಸಿಕೊಂಡು ಕೇಳಬೇಕು: ರೋಗಿಯನ್ನು ಗುಣಪಡಿಸುವ ಆಸೆಯೋ, ಮಿದುಳು ಹೇಗೆ ನಡೆಯುತ್ತದೆಂದು ತಿಳಿಯುವ ಆಸೆಯೋ? ಎರಡನೆಯದಾದರೆ, ಮೆಡಿಕಲ್ ಸೀಟಿಗಾಗಿ ಇನ್ನೊಂದು ವರ್ಷ ಕಾಯಿಸುವ ಬದಲು ಒಳ್ಳೆಯ ಬಿ.ಎಸ್ಸಿ.ಗೆ ಸೇರಿಸುವುದೇ ಲೇಸು.