ಕೆಂಪು ಶಾಯಿ ಬೀಳಬಾರದ ನೋಟ್‌ಬುಕ್

ಪ್ರಾಥಮಿಕ ಶಾಲೆಯ ಮಗುವಿನ ಚೀಲದಲ್ಲಿರುವ ಪುಸ್ತಕಗಳೆಲ್ಲ ತಿದ್ದಿಸಿಕೊಳ್ಳಲೆಂದೇ ಇರುವಂಥವು. ಕಾಪಿ, ಮಗ್ಗಿ, ಹೋಂವರ್ಕ್ ಎಲ್ಲದರ ಮೇಲೂ ಟೀಚರ ಕೆಂಪು ಗೆರೆ. ಇದರ ಜೊತೆಗೆ ಭಾವನೆಗಳ ದಿನಚರಿ ಎಂದು ಇನ್ನೊಂದನ್ನು ಕೊಟ್ಟು, ‘ಇವತ್ತು ನಿನಗೆ ಏನನ್ನಿಸಿತು ಬರಿ’ ಎಂದರೆ ಮಗು ಮೊದಲು ಹುಡುಕುವುದು ಸರಿಯುತ್ತರವನ್ನೇ. ‘ನನಗೆ ಖುಷಿಯಾಯಿತು’ ಎಂದು ಗೀಚಿ ಕೈತೊಳೆದುಕೊಳ್ಳುತ್ತದೆ. ಸೇಲಂ, ಧರ್ಮಪುರಿ ಜಿಲ್ಲೆಗಳ ಶಾಲೆಗಳಿಗೆ ಇಂಥ ದಿನಚರಿ ಬೇಕು. ಆದರೆ ಅದನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದು ಮೊದಲೇ ಇತ್ಯರ್ಥವಾಗಬೇಕು.

2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆ ಧರ್ಮಪುರಿ: ಶೇ 68.5. ಮಳೆ ನಂಬಿದ ಬೇಸಾಯ ಕೈಕೊಟ್ಟರೆ ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಹೊರಡುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಶನಿವಾರ ರಾತ್ರಿ ಬಂದ ಅಮ್ಮ ಭಾನುವಾರ ಸಂಜೆಯ ಬಸ್ಸು ಹತ್ತಿದರೆ, ಸೋಮವಾರದ ಮೊದಲ ಪೀರಿಯಡ್ಡಿನ ಕಳೆಯುವ ಲೆಕ್ಕ ಆ ಮಗುವಿನ ತಲೆಗೆ ಹತ್ತುವುದಾದರೂ ಹೇಗೆ? ಹಾಜರಿ ಪುಸ್ತಕದಲ್ಲಿ ಮಗು ಹಾಜರು. ಟೀಚರ ಕಣ್ಣಿಗೆ ಅದು ಪಾಠದ ಮೇಲೆ ಗಮನವಿಲ್ಲದ ಮಗು. ದಿನಚರಿಯಲ್ಲಿ ಎರಡು ಸಾಲಿದ್ದರೆ ಕಾರಣವಾದರೂ ತಿಳಿಯುತ್ತದೆ. ಲೆಕ್ಕವನ್ನು ಮಧ್ಯಾಹ್ನಕ್ಕೆ ತಳ್ಳಬಹುದು, ಮಗುವನ್ನು ಹತ್ತಿರ ಕೂರಿಸಿಕೊಳ್ಳಬಹುದು. ದಿನಚರಿಯಿಂದ ಕಲಿಕೆಗೆ ಉಪಕಾರವಾಗುವುದು ಈ ದಾರಿಯಲ್ಲೇ ಹೊರತು ಪುಟ ತುಂಬಿದ ಮಾತ್ರಕ್ಕಲ್ಲ.

ಇಂಥ ದಿನಚರಿಯ ಪರವಾಗಿ ಮಾತನಾಡುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರನ್ನು ಉಲ್ಲೇಖಿಸುವುದುಂಟು. ಅವರ 1986ರ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಮನದ ನೋವನ್ನು ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಅವರು ಕಾಲೇಜು ವಿದ್ಯಾರ್ಥಿಗಳು, ಎಂಟು ವರ್ಷದ ಮಕ್ಕಳಲ್ಲ. ಬರೆದ ಕೂಡಲೇ ಅವರ ಮನಸ್ಸು ಹಗುರಾಗಲಿಲ್ಲ, ಇನ್ನಷ್ಟು ಕುಗ್ಗಿತು. ಬರೆದದ್ದಕ್ಕೆ ಯಾರೂ ಅಂಕ ಕೊಡಲಿಲ್ಲ. ನಮ್ಮಲ್ಲಿ ಉದ್ಧರಣೆಗೆ ಸಿಕ್ಕುವುದು ಫಲಿತಾಂಶ ಮಾತ್ರ. ಈ ಷರತ್ತುಗಳನ್ನು ಯಾರೂ ಓದಿ ಹೇಳುವುದಿಲ್ಲ.

ಇನ್ನು ಬರವಣಿಗೆಯ ಮಾತು. ತಮಿಳುನಾಡು ಸರ್ಕಾರ 2022ರಲ್ಲಿ ಶುರುಮಾಡಿದ ‘ಎಣ್ಣುಂ ಎಳುತ್ತುಂ’ ಯೋಜನೆ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಮೂರು ಗುಂಪು ಮಾಡುತ್ತದೆ. ಅಕ್ಷರ ಕೂಡಿಸಲು ಹೆಣಗುವ ಅರುಂಬು ಮಗು ಸಂಕಟವನ್ನು ವಾಕ್ಯದಲ್ಲಿ ಬರೆಯಲಾರದು. ಅದಕ್ಕೆ ಚಿತ್ರ ಬರೆಯಲು ಬಿಡಬೇಕು, ಬಣ್ಣ ಬಳಿಯಲು ಬಿಡಬೇಕು, ಬಾಯಲ್ಲಿ ಹೇಳಿದ್ದನ್ನು ಟೀಚರೇ ಬರೆದುಕೊಡಬೇಕು.

ಪೆನ್ನಾಗರಂ, ಮೆಟ್ಟೂರು ಕಡೆಯ ಕನ್ನಡದ ಮನೆಗಳ ಮಕ್ಕಳಿಗೆ ಇನ್ನೊಂದು ತೊಡಕು. 2011ರಲ್ಲಿ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.86 ಲಕ್ಷ. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತರ ಚರ್ಚೆಯೆಲ್ಲ ಹತ್ತನೇ ತರಗತಿಯ ಪರೀಕ್ಷೆ, ಕೋರ್ಟು, ವಿನಾಯಿತಿಯ ಸುತ್ತಲೇ ತಿರುಗಿತು. ತಮಿಳು ಮಾಧ್ಯಮದಲ್ಲಿ ಕೂತ ಕನ್ನಡದ ಪುಟ್ಟ ಮಗು ಯಾವ ಭಾಷೆಯಲ್ಲಿ ಅಳುತ್ತದೆ ಎಂಬುದು ಯಾವ ಅರ್ಜಿಯ ವಿಷಯವೂ ಆಗುವಂಥದ್ದಲ್ಲ. ಕನ್ನಡ ಅಕ್ಷರ ಬರದಿದ್ದರೆ ಕನ್ನಡದ ಮಾತನ್ನೇ ತಮಿಳು ಲಿಪಿಯಲ್ಲಿ ಬರೆಯಲಿ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಗಾಬರಿ ಕಾಬರಿಯಾಗಿ ಕಂಡೀತು. ಕಾಣಲಿ ಬಿಡಿ. ಟೀಚರಿಗೆ ಅರ್ಥವಾಗದಿದ್ದರೆ ಮಗುವಿನಿಂದಲೇ ಓದಿಸಿ ಕೇಳಲಿ; ಇಬ್ಬರ ನಡುವೆ ಒಂದು ಮಾತುಕತೆಯಾದರೂ ಆಗುತ್ತದೆ.

ನಿಜವಾದ ಪರೀಕ್ಷೆ ಮಗು ಸತ್ಯ ಬರೆದ ದಿನ. ‘ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದರು’ ಎಂಬ ಸಾಲು ಬಂದರೆ ಏನು ಮಾಡಬೇಕು? ಅಪ್ಪನನ್ನು ಕರೆಸಿ ಬುದ್ಧಿ ಹೇಳಿದರೆ ಮನೆಯಲ್ಲಿ ಮಗುವಿಗೂ ಏಟು ಬೀಳಬಹುದು, ಪುಸ್ತಕ ಮತ್ತೆ ‘ಖುಷಿಯಾಯಿತು’ಗೆ ಮರಳುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಹಾಗಾಗಿ ‘ಇದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಟೀಚರು ಮಗುವಿಗೆ ಮಾತು ಕೊಡುವಂತಿಲ್ಲ. ‘ನಿನಗೆ ಅಪಾಯವಿದ್ದರೆ ಮಾತ್ರ ದೊಡ್ಡವರ ಸಹಾಯ ಕೇಳುತ್ತೇನೆ’ ಎಂದು ಮೊದಲ ದಿನವೇ ಹೇಳಿರಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲಿದ್ದರೆ ಸಾಲದು, ಫೋನು ಮಾಡಿದ ಮೇಲೆ ಏನಾಗುತ್ತದೆ ಎಂಬುದು ಟೀಚರಿಗೆ ಗೊತ್ತಿರಬೇಕು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಕೊಡುವ ತರಬೇತಿಯ ಹೆಚ್ಚಿನ ಹೊತ್ತು ಹೋಗಬೇಕಾದದ್ದು ಇಲ್ಲಿಗೆ, ನಗುವ ಅಳುವ ಮುಖಗಳ ಚಾರ್ಟಿಗಲ್ಲ.

ಶಿಕ್ಷಣ ಇಲಾಖೆಯ ಎಮಿಸ್ ಆ್ಯಪಿಗೆ ಮಾಹಿತಿ ತುಂಬಿಸುವುದರಲ್ಲೇ ದಿನ ಕಳೆಯುತ್ತದೆ ಎಂಬ ಶಿಕ್ಷಕರ ದೂರು ಹಳೆಯದು. ಅದೇ ಆ್ಯಪಿನಲ್ಲಿ ‘ದಿನಚರಿ ಬರೆದ ಮಕ್ಕಳ ಸಂಖ್ಯೆ’ ಎಂಬ ಹೊಸ ಕಾಲಂ ಬಂತೆಂದರೆ ಕಥೆ ಮುಗಿಯಿತು; ಸಂಖ್ಯೆ ಮೇಲೆ ಹೋಗುತ್ತದೆ, ಮಕ್ಕಳು ಕಪ್ಪುಹಲಗೆ ನೋಡಿ ಭಾವನೆ ಕಾಪಿ ಮಾಡುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಗೆ ಈ ಪುಸ್ತಕ ತೋರಿಸುವಂತಿಲ್ಲ, ಪೋಷಕರ ಸಭೆಯಲ್ಲಿ ಓದಿ ಹೇಳುವಂತಿಲ್ಲ, ಬರೆಯಲು ಮನಸ್ಸಿಲ್ಲದ ದಿನ ಪುಟ ಖಾಲಿ ಬಿಡಬಹುದು. ಇಷ್ಟನ್ನು ಇಲಾಖೆ ಸುತ್ತೋಲೆಯಲ್ಲಿ ಬರೆದುಕೊಡಲಿ, ನೋಟ್‌ಬುಕ್ ಹಂಚುವುದು ಆಮೇಲೆ.