ಗಾಯಾಳುಗಳ ತಂಡಕ್ಕೆ ಗೆಲುವಿನ ಅವಕಾಶವೆಷ್ಟು?

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗಲೆಲ್ಲ ಭಾನುವಾರದ ಒಂದು ದೃಶ್ಯ ನನ್ನ ಗಮನ ಸೆಳೆಯುತ್ತದೆ. ಕೆಂಪು ಅಂಗಿ ತೊಟ್ಟ ಜನ ಗುಂಪುಗುಂಪಾಗಿ ಊರಿನ ಲೀವೈಸ್ ಕ್ರೀಡಾಂಗಣದತ್ತ ಹೊರಟಿರುತ್ತಾರೆ. ಅವರಲ್ಲಿ ಕನ್ನಡ ಮಾತನಾಡುವ ಎಂಜಿನಿಯರುಗಳೂ ಇರುತ್ತಾರೆ. 2014ರಿಂದ ಆ ಕ್ರೀಡಾಂಗಣ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ತವರು. ನವೆಂಬರ್ ಬಂತೆಂದರೆ ಅಲ್ಲಿನವರ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಇಷ್ಟು ಮಂದಿ ಗಾಯಗೊಂಡಿರುವಾಗ ತಂಡ ಪ್ಲೇಆಫ್ ತಲುಪೀತೇ? ತಲುಪಿದರೂ ಎಷ್ಟು ದೂರ ಸಾಗೀತು? ಕ್ರಿಕೆಟ್ಟಿನಲ್ಲೇ ಬೆಳೆದ ನಾನು ಮೊದಮೊದಲು ಇದನ್ನು ಅಭಿಮಾನಿಗಳ ಕಾಲಹರಣವೆಂದೇ ಭಾವಿಸಿದ್ದೆ. ಒಂದೆರಡು ಋತುಗಳನ್ನು ಗಮನಿಸಿದ ಮೇಲೆ, ಜೀವಮಾನವಿಡೀ ಕಡತಗಳಲ್ಲಿ ನಾನು ಎದುರಿಸಿದ ಪ್ರಶ್ನೆಯೊಂದು ಇಲ್ಲಿ ಬೇರೆ ವೇಷದಲ್ಲಿ ನಿಂತಿದೆ ಎನ್ನಿಸಿತು.

ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಅಂಡಾಕಾರದ ಚೆಂಡನ್ನು ನಾಲ್ಕು ಯತ್ನಗಳಲ್ಲಿ ಕನಿಷ್ಠ ಹತ್ತು ಗಜ ಮುಂದೊಯ್ಯುವ, ಎದುರಾಳಿಯನ್ನು ಮೈಕೊಟ್ಟು ತಡೆದು ಕೆಡಹುವ ಆಟ ಅದು. ಆದ್ದರಿಂದ ಗಾಯವೆಂಬುದು ಅಲ್ಲಿ ಅಪರೂಪದ ಅವಘಡವಲ್ಲ, ಆಟದ ನಿತ್ಯದ ವೆಚ್ಚ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ 32 ತಂಡಗಳು 2021ರಿಂದ ತಲಾ 17 ಪಂದ್ಯಗಳನ್ನು ಆಡುತ್ತಿವೆ. ಅದಕ್ಕೆ ಮುನ್ನ 16 ಇದ್ದವು. 14 ತಂಡಗಳು ಪ್ಲೇಆಫ್ ಪ್ರವೇಶಿಸುತ್ತವೆ. ಪ್ರತಿ ತಂಡದ ಮುಖ್ಯ ಪಟ್ಟಿಯಲ್ಲಿ 53 ಆಟಗಾರರು. ಅವರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ ಲೀಗ್ ಮಿತಿ ವಿಧಿಸಿದೆ. 2022ರಲ್ಲಿ ಅದು ತಂಡವೊಂದಕ್ಕೆ 20.82 ಕೋಟಿ ಡಾಲರ್ ಇತ್ತು. ಈ ಮಿತಿಯೊಳಗೆ ತಾರೆಗಳಿಗೆ ಎಷ್ಟು, ಅವರು ಬಿದ್ದಾಗ ಆ ಜಾಗದಲ್ಲಿ ನಿಲ್ಲಬೇಕಾದವರಿಗೆ ಎಷ್ಟು ಎಂಬುದನ್ನು ನಿರ್ಧರಿಸುವುದೇ ಆಡಳಿತ ಮಂಡಳಿಯ ನಿಜವಾದ ಪರೀಕ್ಷೆ.

ಮೊದಲು ಸರಳ ಗಣಿತವನ್ನು ನೋಡೋಣ. ಪ್ಲೇಆಫ್‌ನಲ್ಲಿ ಒಮ್ಮೆ ಸೋತವರು ಮನೆಗೆ ಹೋಗುತ್ತಾರೆ. ಲೀಗ್‌ನ ಎರಡು ವಿಭಾಗಗಳಲ್ಲಿ ಅಗ್ರಸ್ಥಾನ ಪಡೆದ ತಂಡಗಳಿಗೆ ಮೊದಲ ಸುತ್ತಿನಿಂದ ವಿನಾಯಿತಿ ಇದೆ. ಅವು ಮೂರು ಪಂದ್ಯ ಗೆದ್ದರೆ ಪ್ರಶಸ್ತಿ. ಉಳಿದವು ನಾಲ್ಕು ಗೆಲ್ಲಬೇಕು. ಆರೋಗ್ಯವಂತ ತಂಡವೊಂದಕ್ಕೆ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 60 ಎಂದಿಟ್ಟುಕೊಂಡರೆ, ಮೂರನ್ನೂ ಗೆಲ್ಲುವ ಸಾಧ್ಯತೆ ಶೇ 22ರ ಆಸುಪಾಸು. ಅದೇ ತಂಡ ಗಾಯಗಳಿಂದಾಗಿ ಅಗ್ರಸ್ಥಾನ ಕಳೆದುಕೊಂಡು, ಪ್ರತಿ ಪಂದ್ಯದ ಸಾಧ್ಯತೆಯೂ ಶೇ 50ಕ್ಕೆ ಇಳಿದರೆ, ನಾಲ್ಕನ್ನೂ ಗೆಲ್ಲುವ ಸಾಧ್ಯತೆ ಕೇವಲ ಶೇ 6. ಪ್ರತಿ ಪಂದ್ಯದಲ್ಲಿ ಕುಗ್ಗಿದ್ದು ಆರನೆಯ ಒಂದು ಭಾಗ. ಪ್ರಶಸ್ತಿಯ ಆಸೆ ಕುಗ್ಗಿದ್ದು ಮೂರನೆಯ ಎರಡು ಭಾಗಕ್ಕೂ ಹೆಚ್ಚು. ಗಾಯದ ಬೆಲೆ ಕೂಡುವುದಿಲ್ಲ, ಗುಣಿಸುತ್ತದೆ.

ಹಾಗಿದ್ದೂ ಈ ಲೆಕ್ಕವನ್ನು ಸುಳ್ಳು ಮಾಡಿದವರಿದ್ದಾರೆ. 2010ರ ಋತುವಿನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ 15 ಮಂದಿ ಗಾಯಾಳುಗಳ ಮೀಸಲು ಪಟ್ಟಿಗೆ ಸೇರಿದರು. ಅಂದಿನ ನಿಯಮದಂತೆ ಆ ಪಟ್ಟಿಗೆ ಸೇರಿದವರು ಆ ವರ್ಷ ಮತ್ತೆ ಆಡುವಂತಿರಲಿಲ್ಲ. ಹತ್ತು ಗೆಲುವು, ಆರು ಸೋಲುಗಳೊಡನೆ ವಿಭಾಗದ ಕೊನೆಯ ಅರ್ಹತಾ ಸ್ಥಾನವಾದ ಆರನೆಯದಕ್ಕೆ ತೃಪ್ತಿಪಟ್ಟ ಆ ತಂಡ, ಎದುರಾಳಿಗಳ ಅಂಗಳದಲ್ಲೇ ಮೂರು ಪಂದ್ಯ ಗೆದ್ದು, 2011ರ ಫೆಬ್ರುವರಿ 6ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನು 31–25ರಿಂದ ಮಣಿಸಿ ಸೂಪರ್ ಬೌಲ್ ಎತ್ತಿಹಿಡಿಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ 2024ರ ಡೆಟ್ರಾಯಿಟ್ ಲಯನ್ಸ್. ಅಕ್ಟೋಬರ್‌ನಲ್ಲಿ ರಕ್ಷಣಾ ವಿಭಾಗದ ತಾರೆ ಏಡನ್ ಹಚಿನ್‌ಸನ್ ಕಾಲು ಮುರಿದುಕೊಂಡರು. ಬಳಿಕ ಆ ವಿಭಾಗದಲ್ಲಿ ಒಬ್ಬರ ಹಿಂದೊಬ್ಬರು ಬಿದ್ದರು. ಆದರೂ 15 ಪಂದ್ಯ ಗೆದ್ದು ಅಗ್ರಸ್ಥಾನ ಪಡೆದ ತಂಡ, ತನ್ನ ಮೊದಲ ಪ್ಲೇಆಫ್ ಪಂದ್ಯದಲ್ಲೇ ವಾಷಿಂಗ್ಟನ್‌ಗೆ 45 ಅಂಕ ಬಿಟ್ಟುಕೊಟ್ಟು ಸೋತಿತು. ಗ್ರೀನ್ ಬೇ ತಂಡದ ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ತಲೆಗೆ ಪೆಟ್ಟಾಗಿ ಒಂದು ಪಂದ್ಯ ತಪ್ಪಿಸಿಕೊಂಡರೂ ಪ್ಲೇಆಫ್ ಹೊತ್ತಿಗೆ ನೆಟ್ಟಗಿದ್ದರು. ಗಾಯಾಳುಗಳ ಸಂಖ್ಯೆಗಿಂತ ಗಾಯ ಎಲ್ಲಿ, ಯಾವಾಗ ಆಯಿತು ಎಂಬುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ಅದನ್ನು ತಿಳಿಯಲು ಫಾರ್ಟಿನೈನರ್ಸ್ ತಂಡದ ಎರಡು ಋತುಗಳನ್ನು ಅಕ್ಕಪಕ್ಕ ಇಡಬೇಕು.

2020ರ ಸೆಪ್ಟೆಂಬರ್ 20ರಂದು ಆ ತಂಡ ನ್ಯೂಯಾರ್ಕ್ ಜೆಟ್ಸ್ ವಿರುದ್ಧ 31–13ರಿಂದ ಗೆದ್ದಿತು. ಆದರೆ ಆ ಒಂದೇ ಮಧ್ಯಾಹ್ನ ರಕ್ಷಣೆಯ ಆಧಾರಸ್ತಂಭ ನಿಕ್ ಬೋಸಾ ಮತ್ತು ಸಾಲೊಮನ್ ಥಾಮಸ್ ಅವರ ಮೊಣಕಾಲಿನ ಅಸ್ಥಿಬಂಧ ಹರಿಯಿತು; ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೊ ಕಣಕಾಲಿನ ನೋವಿನಿಂದ ಹೊರನಡೆದರು. ಹಿಂದಿನ ಋತುವಿನಲ್ಲಿ ಸೂಪರ್ ಬೌಲ್ ಆಡಿದ್ದ ತಂಡ ಆ ವರ್ಷ ಆರು ಗೆದ್ದು ಹತ್ತು ಸೋತಿತು. ಕೋವಿಡ್ ನಿರ್ಬಂಧದಿಂದ ಡಿಸೆಂಬರ್‌ನ ತವರು ಪಂದ್ಯಗಳನ್ನು ಅರಿಜೋನಾದಲ್ಲಿ ಆಡಬೇಕಾಯಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೂ ಸೋಲಿನ ಮೂಲ ಸ್ಪಷ್ಟವಿತ್ತು: ಬಿದ್ದವರ ಜಾಗದಲ್ಲಿ ನಿಲ್ಲಲು ಅವರಿಗೆ ಹತ್ತಿರದ ಸಾಮರ್ಥ್ಯದವರು ಇರಲಿಲ್ಲ.

2022ರಲ್ಲಿ ತಂಡ ಗರಾಪಲೊ ಅವರನ್ನು ಬದಿಗಿರಿಸಿ ಯುವಕ ಟ್ರೇ ಲ್ಯಾನ್ಸ್‌ಗೆ ಚುಕ್ಕಾಣಿ ಕೊಟ್ಟಿತು. ಗರಾಪಲೊ ಬೇರೆ ತಂಡಕ್ಕೆ ಹೋಗುವುದು ಖಚಿತವೆಂದೇ ಎಲ್ಲರೂ ನಂಬಿದ್ದರು. ಆಗಸ್ಟ್ ಕೊನೆಯಲ್ಲಿ ಅವರು ಕಡಿಮೆ ಸಂಬಳಕ್ಕೆ ಒಪ್ಪಿ ಮೀಸಲು ಆಟಗಾರನಾಗಿ ಉಳಿದರು. ಬೆಂಚಿನ ಮೇಲೆ ಕೂರುವವನಿಗೆ ಲಕ್ಷಾಂತರ ಡಾಲರ್ ಏಕೆ ಎಂದು ಯಾವ ಲೆಕ್ಕಪರಿಶೋಧಕನೂ ಕೇಳಬಹುದಿತ್ತು. ಉತ್ತರ ಎರಡನೆಯ ಪಂದ್ಯದಲ್ಲೇ ಸಿಕ್ಕಿತು: ಲ್ಯಾನ್ಸ್ ಕಣಕಾಲು ಮುರಿಯಿತು. ಡಿಸೆಂಬರ್ 4ರಂದು ಗರಾಪಲೊ ಪಾದವೂ ಮುರಿಯಿತು. ಆಗ ಬಂದವರು ಬ್ರಾಕ್ ಪರ್ಡಿ, ಆ ವರ್ಷದ ಆಟಗಾರರ ಆಯ್ಕೆಯಲ್ಲಿ 262ನೆಯವರಾಗಿ ಕಟ್ಟಕಡೆಗೆ ಆರಿಸಲ್ಪಟ್ಟ ಹುಡುಗ. ತರಬೇತುದಾರ ಕೈಲ್ ಶನಾಹನ್ ಅವರ ಪದ್ಧತಿಯನ್ನು ಬೇಸಿಗೆಯಿಂದಲೇ ಅಭ್ಯಾಸ ಮಾಡಿದ್ದ ಪರ್ಡಿ ತಂಡವನ್ನು ಸೋಲಿಲ್ಲದೆ ವಿಭಾಗೀಯ ಫೈನಲ್‌ವರೆಗೆ ಒಯ್ದರು.

ಆದರೆ ಮೀಸಲಿಗೂ ಒಂದು ತಳವಿರುತ್ತದೆ. 2023ರ ಜನವರಿ 29ರಂದು ಫಿಲಡೆಲ್ಫಿಯಾದಲ್ಲಿ ಪಂದ್ಯದ ಆರಂಭದಲ್ಲೇ ಪರ್ಡಿ ಮೊಣಕೈಯ ಅಸ್ಥಿಬಂಧ ಹರಿಯಿತು. ಬದಲಿಗೆ ಬಂದ ಜಾಶ್ ಜಾನ್‌ಸನ್ ತಲೆಗೆ ಪೆಟ್ಟಾಯಿತು. ಬೇರೆ ದಾರಿಯಿಲ್ಲದೆ, ಚೆಂಡನ್ನು ದೂರ ಎಸೆಯಲಾಗದ ಪರ್ಡಿಯನ್ನೇ ಮತ್ತೆ ಕಣಕ್ಕಿಳಿಸಬೇಕಾಯಿತು. ತಂಡ 31–7ರಿಂದ ಸೋತಿತು. ತುರ್ತು ಸಂದರ್ಭಕ್ಕೆ ಮೂರನೆಯ ಕ್ವಾರ್ಟರ್‌ಬ್ಯಾಕ್ ಇರಿಸಿಕೊಳ್ಳುವ ವಿಶೇಷ ಅವಕಾಶವನ್ನು ಲೀಗ್ 2011ರಲ್ಲಿ ಕೈಬಿಟ್ಟಿತ್ತು. ಈ ಪಂದ್ಯದ ಬಳಿಕ, 2023ರ ಮೇ ತಿಂಗಳಲ್ಲಿ, ಅದನ್ನು ಮರಳಿ ತಂದಿತು.

ಆ ಸುದ್ದಿ ಓದಿದಾಗ ನನಗೆ ನನ್ನದೇ ಒಂದು ಟಿಪ್ಪಣಿ ನೆನಪಾಯಿತು. ವರ್ಷಗಳ ಹಿಂದೆ, ಇಲಾಖೆಯೊಂದರ ಸಿಬ್ಬಂದಿ ವೆಚ್ಚವನ್ನು ಪರಿಶೀಲಿಸುವಾಗ, ರಜೆಯ ಮೇಲಿರುವವರ ಬದಲಿಗೆಂದು ಇರಿಸಿದ್ದ ಕೆಲವು ಮೀಸಲು ಹುದ್ದೆಗಳನ್ನು ಅನಗತ್ಯವೆಂದು ರದ್ದುಪಡಿಸಲು ನಾನು ಶಿಫಾರಸು ಮಾಡಿದ್ದೆ. ಅಂಕಿಅಂಶ ನನ್ನ ಪರವಾಗಿತ್ತು. ಆ ಹುದ್ದೆಗಳಲ್ಲಿದ್ದವರಿಗೆ ವರ್ಷದ ಬಹುಕಾಲ ನಿರ್ದಿಷ್ಟ ಕೆಲಸವಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಂದು ತಾಲ್ಲೂಕಿನಲ್ಲಿ ನೆರೆ ಬಂದಾಗ ಇಬ್ಬರು ಗುಮಾಸ್ತರು ಜ್ವರದಿಂದ ಮಲಗಿದ್ದರು. ಒಬ್ಬ ಅಧಿಕಾರಿ ಮೂರು ಹುದ್ದೆಗಳ ಪ್ರಭಾರ ಹೊತ್ತಿದ್ದರು. ಮನೆ ಕಳೆದುಕೊಂಡವರಿಗೆ ಪರಿಹಾರದ ಹಣ ತಲುಪುವುದು ವಾರಗಟ್ಟಲೆ ತಡವಾಯಿತು. ಆ ವಿಳಂಬಕ್ಕೆ ನನ್ನ ಸಹಿಯೂ ಕಾರಣವೆಂದು ಯಾರೂ ನನ್ನನ್ನು ಕೇಳಲಿಲ್ಲ. ಉಳಿತಾಯ ಆಯವ್ಯಯದಲ್ಲಿ ಕಾಣಿಸುತ್ತದೆ. ಅದರ ಬೆಲೆ ಬೇರೆಲ್ಲೋ, ಬೇರೆ ಯಾರದೋ ಮನೆಯಲ್ಲಿ ಕಾಣಿಸುತ್ತದೆ.

ಸಾಂಟಾ ಕ್ಲಾರಾದ ತಂಡ ಈ ಪಾಠವನ್ನು ಮರೆತಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೋಸಾ ಮತ್ತೆ ಮೊಣಕಾಲಿನ ಗಾಯದಿಂದ ಋತುವಿಡೀ ಹೊರಗುಳಿಯಬೇಕಾಯಿತು; ಅಕ್ಟೋಬರ್‌ನಲ್ಲಿ ರಕ್ಷಣೆಯ ನಾಯಕ ಫ್ರೆಡ್ ವಾರ್ನರ್ ಕಣಕಾಲು ಮುರಿದುಕೊಂಡರು; ಪರ್ಡಿಯೂ ಕಾಲ್ಬೆರಳಿನ ನೋವಿನಿಂದ ಹಲವು ವಾರ ಆಡಲಿಲ್ಲ. ಮೀಸಲು ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಎಂಟು ಪಂದ್ಯಗಳನ್ನು ಆರಂಭಿಸಿ ಐದನ್ನು ಗೆಲ್ಲಿಸಿಕೊಟ್ಟರು. ತಂಡ ಪ್ಲೇಆಫ್ ತಲುಪಿತು. ಎರಡನೆಯ ಸುತ್ತಿನಲ್ಲಿ ಸಿಯಾಟಲ್ ಎದುರು ಹೊರಬಿತ್ತು. ಉತ್ತಮ ಮೀಸಲು ಬಲ ಬಾಗಿಲವರೆಗೆ ಕರೆದೊಯ್ಯಬಲ್ಲುದು. ಪ್ರಶಸ್ತಿಯ ಖಾತರಿ ಕೊಡಲಾರದು.

ಈ ಲೆಕ್ಕಾಚಾರದ ನಡುವೆ ನಾವು ಸುಲಭವಾಗಿ ಮರೆಯುವುದು ಗಾಯಗೊಂಡ ಮನುಷ್ಯನನ್ನು. ಮೀಸಲು ದುರ್ಬಲವಾಗಿದ್ದಷ್ಟೂ ಗಾಯಾಳು ಬೇಗ ಮರಳಲೆಂಬ ಒತ್ತಡ ಹೆಚ್ಚುತ್ತದೆ. ಅನೇಕ ಆಟಗಾರರ ಒಪ್ಪಂದದ ಹಣ ಪೂರ್ಣವಾಗಿ ಖಾತರಿಯಾದದ್ದಲ್ಲ. ಜಾಗ ಕಳೆದುಕೊಳ್ಳುವ ಭಯದಿಂದ ನೋವನ್ನು ಮುಚ್ಚಿಡುವ ಪ್ರಲೋಭನೆ ಅವರಿಗೂ ಇರುತ್ತದೆ. 2022ರ ಸೆಪ್ಟೆಂಬರ್ 25ರಂದು ಮಯಾಮಿ ತಂಡದ ಟುವಾ ಟಾಗೊವೈಲೊವಾ ನೆಲಕ್ಕೆ ಬಡಿದು, ಎದ್ದು ತೂರಾಡಿ, ಅದೇ ಪಂದ್ಯಕ್ಕೆ ಮರಳಿದರು. ನಾಲ್ಕೇ ದಿನಗಳಲ್ಲಿ ಸಿನ್ಸಿನಾಟಿಯ ಮೈದಾನದಿಂದ ಅವರನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ಯಬೇಕಾಯಿತು. ಬಳಿಕ ಲೀಗ್ ಮತ್ತು ಆಟಗಾರರ ಸಂಘ ನಿಯಮ ಬಿಗಿಗೊಳಿಸಿ, ತೂರಾಟ ಕಂಡುಬಂದ ಆಟಗಾರ ಅಂದು ಮತ್ತೆ ಆಡುವಂತಿಲ್ಲ ಎಂದವು. ಇನ್ನೊಂದೆಡೆ ಪರ್ಡಿಗೆ 2023ರ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆದು, ಸೆಪ್ಟೆಂಬರ್‌ವರೆಗೆ ಸಮಯ ಸಿಕ್ಕಿತು. ಆ ಋತುವಿನಲ್ಲಿ ಅವರು ತಂಡವನ್ನು ಸೂಪರ್ ಬೌಲ್‌ಗೆ ಒಯ್ದರು. ಗುಣವಾಗಲು ಕೊಡುವ ಕಾಲವೂ ಒಂದು ಬಗೆಯ ಮೀಸಲು ನಿಧಿಯೇ.

ಹಾಗಾದರೆ ಗಾಯಾಳುಗಳ ತಂಡಕ್ಕೆ ಅವಕಾಶವೆಷ್ಟು? ಅಭಿಮಾನಿಗಳು ಹೇಳುವುದಕ್ಕಿಂತ ಕಡಿಮೆ, ಪಂಡಿತರು ಹೇಳುವುದಕ್ಕಿಂತ ತುಸು ಹೆಚ್ಚು ಎಂಬುದು ನನ್ನ ಅಂದಾಜು. ಆದರೆ ಆ ತುಸು ಹೆಚ್ಚು ಡಿಸೆಂಬರ್‌ನ ಧೈರ್ಯದಿಂದ ಬರುವುದಿಲ್ಲ. ಯಾರಿಗೂ ಗಾಯವಾಗದಿದ್ದ ಆಗಸ್ಟ್‌ನಲ್ಲಿ ಮಾಡಿದ ವೆಚ್ಚದಿಂದ ಬರುತ್ತದೆ. ಮುಂದಿನ ನವೆಂಬರ್‌ನಲ್ಲಿ ಮಗಳ ನೆರೆಯವರು ಮತ್ತೆ ಅದೇ ಪ್ರಶ್ನೆ ಕೇಳಿದರೆ ಗಾಯಾಳುಗಳ ಪಟ್ಟಿಯನ್ನು ಬದಿಗಿಡಲು ಹೇಳುತ್ತೇನೆ. ನಾನು ನೋಡಬಯಸುವುದು 53 ಹೆಸರುಗಳ ಪಟ್ಟಿಯ ಕೊನೆಯ ಹತ್ತು ಹೆಸರುಗಳನ್ನು. ನಿವೃತ್ತಿಗೆ ಮುನ್ನ ಪ್ರತಿ ಕಡತದಲ್ಲೂ ಹಾಗೆ ನೋಡಿದ್ದರೆ ಚೆನ್ನಾಗಿತ್ತು.